ಟ್ರಿಪ್ಪಿಗೆ ಯಾವ ಆ್ಯಪ್ ಬೇಕು, ಯಾವ್ದು ಬೇಡ: ಫ್ಲೈಟ್ ಮೋಡ್‌ಗೆ ಹಾಕಿ ನೋಡಿ ಬರೆದ ರಿವ್ಯೂ

ಟ್ರಿಪ್ಪಿಗೆ ಅಂತ ಆ್ಯಪ್ ಹುಡುಕೋಕೆ ಕೂತ್ರೆ ಪಟ್ಟಿ ಮುಗಿಯೋದೇ ಇಲ್ಲ, ಎಲ್ಲದಕ್ಕೂ ನಾಲ್ಕೂವರೆ ಸ್ಟಾರ್, ಎಲ್ಲದರ ಸ್ಕ್ರೀನ್‌ಶಾಟೂ ಚಂದ. ಸ್ಟಾರ್ ನೋಡಿ ಆರಿಸೋದನ್ನ ನಾನು ಬಿಟ್ಟು ತುಂಬಾ ದಿನ ಆಯ್ತು. ನನ್ನ ಪರೀಕ್ಷೆ ಒಂದೇ. ಆ್ಯಪ್ ಹಾಕ್ಕೊಂಡು, ನಮ್ಮ ಟಿಕೆಟ್ಟು ಮ್ಯಾಪು ಭಾಷೆ ಎಲ್ಲಾ ಅದಕ್ಕೆ ತುಂಬಿಸಿ, ಮನೇಲಿ ಕೂತ್ಕೊಂಡೇ ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿ, ವೈಫೈನೂ ಆಫ್ ಮಾಡಿ, ಆ್ಯಪನ್ನ ಪೂರ್ತಿ ಕ್ಲೋಸ್ ಮಾಡಿ ಮತ್ತೆ ತೆಗೀಬೇಕು. ಆಗ ಬೇಕಾದ ಮಾಹಿತಿ ಕಣ್ಣ ಮುಂದೆ ಬಂತಾ, ಆ ಆ್ಯಪ್ ಇರ್ಲಿ. ಬರೀ ಗುಂಡಗೆ ಸುತ್ತೋ ಲೋಡಿಂಗ್ ಚಿಹ್ನೆ ಬಂತಾ, ಅದು ಮನೇಲಿ ಸೋಫಾ ಮೇಲೆ ಕೂತು ಪ್ಲಾನ್ ಮಾಡೋಕೆ ಮಾತ್ರ, ದಾರಿಗಲ್ಲ. ಯಾಕಂದ್ರೆ ಆ್ಯಪ್ ನಿಜವಾಗ್ಲೂ ಬೇಕಾಗೋ ಹೊತ್ತಲ್ಲೇ ನೆಟ್ ಇರಲ್ಲ. ವಿಮಾನ ಇಳಿದ ಮೊದಲ ಹತ್ತು ನಿಮಿಷ, ಸುರಂಗದೊಳಗಿನ ರೈಲು, ಬೆಟ್ಟದ ದಾರಿ, ಹೋಟೆಲ್ ರಿಸೆಪ್ಷನ್ನಲ್ಲಿ ಬುಕಿಂಗ್ ನಂಬರ್ ಕೇಳಿದಾಗ.

ಮೊದ್ಲು ಮ್ಯಾಪ್. ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ, ಯಾಕಂದ್ರೆ ಟ್ರಿಪ್ಪಲ್ಲಿ ಫೋನ್ ತೆಗೆಯೋದು ಮುಕ್ಕಾಲು ಪಾಲು ಇದಕ್ಕೇ.

ಗೂಗಲ್ ಮ್ಯಾಪ್ಸ್ ಎಲ್ಲರ ಫೋನಲ್ಲೂ ಇದೆ, ಜಾಗ ಹುಡುಕೋಕೆ, ಯಾವಾಗ ತೆರೆದಿರತ್ತೆ ನೋಡೋಕೆ, ಜನ ಹಾಕಿರೋ ಫೋಟೋ ನೋಡೋಕೆ ಇದರ ಹತ್ರ ಬರೋದು ಬೇರೆ ಯಾವ್ದೂ ಇಲ್ಲ. ಪ್ಲಾನ್ ಮಾಡುವಾಗ ಹೊಸ ಲಿಸ್ಟ್ ಒಂದು ಮಾಡಿ ನೋಡ್ಬೇಕಾದ ಜಾಗಗಳನ್ನೆಲ್ಲ ಅದರಲ್ಲಿ ಸೇವ್ ಮಾಡಿ ಜೊತೆಗೆ ಬರೋರಿಗೆ ಶೇರ್ ಮಾಡಿದ್ರೆ ಅವರೂ ಅದಕ್ಕೆ ಸೇರಿಸ್ಬಹುದು, ಮ್ಯಾಪ್ ತೆಗೆದ ತಕ್ಷಣ ಯಾವ ಜಾಗ ಯಾವುದಕ್ಕೆ ಹತ್ರ ಅಂತ ಒಂದೇ ನೋಟಕ್ಕೆ ಗೊತ್ತಾಗತ್ತೆ, ದಿನದ ಪ್ಲಾನಿನ ಅರ್ಧ ಕೆಲಸ ಅಲ್ಲೇ ಮುಗೀತು. ಪ್ರೊಫೈಲ್ ಫೋಟೋ ಒತ್ತಿದ್ರೆ ಆಫ್‌ಲೈನ್ ಮ್ಯಾಪ್ಸ್ ಅಂತ ಸಿಗತ್ತೆ, ಅಲ್ಲಿ ಚೌಕ ಎಳೆದು ಬೇಕಾದ ಪ್ರದೇಶ ಡೌನ್‌ಲೋಡ್ ಮಾಡ್ಕೋಬಹುದು. ಆದ್ರೆ ಇಲ್ಲೊಂದು ಕೊರತೆ ಇದೆ, ತುಂಬಾ ಜನರಿಗೆ ಗೊತ್ತಿರಲ್ಲ. ಆಫ್‌ಲೈನಲ್ಲಿ ಇದು ಕಾರಿನ ದಾರಿಗೆ ಅಂತಾನೇ ಮಾಡಿರೋದು, ಬಸ್ಸು ಮೆಟ್ರೋ ದಾರಿ ಸಿಗಲ್ಲ, ಟ್ರಾಫಿಕ್ ಕಾಣಲ್ಲ, ಬದಲಿ ರೂಟ್ ತೋರಿಸಲ್ಲ, ನಡ್ಕೊಂಡು ಹೋಗೋ ದಾರಿಗೂ ಇದನ್ನ ನಂಬ್ಕೊಂಡು ಹೊರಡೋ ಹಾಗಿಲ್ಲ. ಕೆಲವು ಪ್ರದೇಶಗಳಿಗೆ ಡೌನ್‌ಲೋಡ್ ಸೌಲಭ್ಯನೇ ಇಲ್ಲ. ಇಳಿಸ್ಕೊಂಡ ಮ್ಯಾಪಿಗೆ ಎಕ್ಸ್‌ಪೈರಿನೂ ಇದೆ, ಹಿಂದಿನ ಸಲ ಇಳಿಸಿದ್ದು ಇದೆ ಅಂತ ಸುಮ್ನೆ ಹೊರಡ್ಬೇಡಿ, ಹೋಗೋ ಹಿಂದಿನ ದಿನ ಒಂದ್ಸಲ ಅಪ್‌ಡೇಟ್ ಒತ್ತಿ.

ಆ ಕೊರತೆ ತುಂಬೋದು ಆರ್ಗ್ಯಾನಿಕ್ ಮ್ಯಾಪ್ಸ್. ನನಗೆ ಈ ಪೂರ್ತಿ ಪಟ್ಟಿಯಲ್ಲಿ ಅತಿ ಹೆಚ್ಚು ಇಷ್ಟ ಇರೋ ಆ್ಯಪ್ ಇದೇ. ಹಿಂದೆ ಮ್ಯಾಪ್ಸ್ ಮಿ ಅಂತ ಒಂದು ಆ್ಯಪ್ ಟ್ರಿಪ್ ಮಾಡೋರ ನಡುವೆ ತುಂಬಾ ಹೆಸರು ಮಾಡಿತ್ತಲ್ಲ, ಅದನ್ನ ಶುರು ಮಾಡಿದ್ದವರೇ ಅದು ಬೇರೆಯವರ ಕೈಗೆ ಹೋದ್ಮೇಲೆ 2021ರಲ್ಲಿ ಇದನ್ನ ಬಿಟ್ರು. ಜಾಹೀರಾತು ಇಲ್ಲ, ನಮ್ಮನ್ನ ಟ್ರ್ಯಾಕ್ ಮಾಡಲ್ಲ, ಲಾಗಿನ್ನೂ ಕೇಳಲ್ಲ, ಕೋಡ್ ಯಾರು ಬೇಕಾದ್ರೂ ನೋಡ್ಬಹುದು. ಮ್ಯಾಪಿನ ಡೇಟಾ ಓಪನ್‌ಸ್ಟ್ರೀಟ್‌ಮ್ಯಾಪಿಂದ ಬರತ್ತೆ, 2004ರಲ್ಲಿ ಶುರುವಾದ, ಜನರೇ ಸೇರ್ಕೊಂಡು ಕಟ್ಟಿರೋ ನಕ್ಷೆ ಅದು. ಒಂದು ಪ್ರಾಂತ್ಯ ಪೂರ್ತಿ ಇಳಿಸ್ಕೊಂಡ್ರೆ ಹುಡುಕಾಟ, ನಡಿಗೆ ದಾರಿ, ಸೈಕಲ್ ದಾರಿ, ಕಾರಿನ ದಾರಿ ಎಲ್ಲಾ ನೆಟ್ ಇಲ್ದೇ ನಡೆಯತ್ತೆ. ಚಾರಣಕ್ಕೆ ಹೋಗೋರಿಗಂತೂ ಕಾಲುದಾರಿ, ಎತ್ತರದ ಗೆರೆ, ಕುಡಿಯೋ ನೀರಿನ ನಲ್ಲಿ, ಶೌಚಾಲಯ, ಕೂರೋ ಬೆಂಚು ಕೂಡ ಎಷ್ಟೋ ಕಡೆ ಗುರುತು ಹಾಕಿರತ್ತೆ. ಇಲ್ಲದ್ದೂ ಹೇಳ್ಬೇಕಲ್ಲ, ಟ್ರಾಫಿಕ್ ಮಾಹಿತಿ ಇಲ್ಲ, ಜನರ ರಿವ್ಯೂ ಇಲ್ಲ, ಮತ್ತೆ ಆ ಊರಲ್ಲಿ ನಕ್ಷೆ ಬರೆಯೋ ಆಸಕ್ತರು ಕಮ್ಮಿ ಇದ್ರೆ ಅಂಗಡಿ ಮುಂಗಟ್ಟಿನ ವಿವರ ತೆಳ್ಳಗೆ ಇರತ್ತೆ. ಅದಕ್ಕೆ ನಾನು ಎರಡನ್ನೂ ಇಟ್ಕೋತೀನಿ, ಹುಡುಕೋಕೆ ಗೂಗಲ್, ನಡೆಯೋಕೆ ಆರ್ಗ್ಯಾನಿಕ್.

ಇನ್ನೊಂದು ವಿಷಯ ಇಲ್ಲೇ ಹೇಳ್ಬಿಡ್ತೀನಿ. ನೆಟ್ ಇಲ್ದಿದ್ರೆ ಜಿಪಿಎಸ್ ಕೆಲಸ ಮಾಡಲ್ಲ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ. ಹಾಗೇನಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಸಿಗ್ನಲ್ ಕಳಿಸ್ತಾನೇ ಇರ್ತವೆ, ಫೋನ್ ಅದನ್ನ ಬರೀ ಕೇಳಿಸ್ಕೊಳ್ಳತ್ತೆ, ವಾಪಸ್ ಏನೂ ಕಳಿಸ್ಬೇಕಿಲ್ಲ, ಹಾಗಾಗಿ ಲೊಕೇಶನ್ ಆನ್ ಇದ್ರೆ ಸಿಮ್ ಇಲ್ದೇ ಇದ್ರೂ ನೀಲಿ ಚುಕ್ಕೆ ಸರಿಯಾಗಿ ಓಡಾಡತ್ತೆ. ನೆಟ್ ಇದ್ದಾಗ ಉಪಗ್ರಹ ಎಲ್ಲಿದೆ ಅನ್ನೋ ಲೆಕ್ಕ ಬೇಗ ಇಂಟರ್ನೆಟ್ಟಿಂದ ಸಿಗತ್ತೆ, ಇಲ್ದಾಗ ಅದನ್ನ ಉಪಗ್ರಹದಿಂದಲೇ ನಿಧಾನಕ್ಕೆ ಇಳಿಸ್ಕೋಬೇಕು, ಅಷ್ಟೇ ವ್ಯತ್ಯಾಸ. ಹೊಸ ಊರಲ್ಲಿ ಇಳಿದು ಚುಕ್ಕೆ ಬರ್ಲಿಲ್ಲ ಅಂದ್ರೆ ಕಟ್ಟಡದಿಂದ ಹೊರಗೆ ಬಂದು ಆಕಾಶ ಕಾಣೋ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ, ಬರತ್ತೆ.

ಈಗ ಬುಕಿಂಗ್. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಖಾರ. ವಿಮಾನದ ದರ ನೋಡೋಕೆ ಸ್ಕೈಸ್ಕ್ಯಾನರ್ ಮತ್ತೆ ಗೂಗಲ್ ಫ್ಲೈಟ್ಸ್ ಎರಡೂ ಚೆನ್ನಾಗಿದೆ. ಗೂಗಲ್ ಫ್ಲೈಟ್ಸಿಗೆ ಬೇರೆ ಆ್ಯಪ್ ಅಂತ ಇಲ್ಲ, ಬ್ರೌಸರಲ್ಲೇ ತೆಗೀಬೇಕು, ಆ ಹೆಸರಲ್ಲಿ ಸ್ಟೋರಲ್ಲಿ ಏನಾದ್ರೂ ಕಂಡ್ರೆ ಹುಷಾರು. ಗೂಗಲ್ ಫ್ಲೈಟ್ಸಿನ ಕ್ಯಾಲೆಂಡರಲ್ಲಿ ಒಂದು ತಿಂಗಳ ದರ ಒಟ್ಟಿಗೆ ಕಾಣತ್ತೆ, ಎರಡು ದಿನ ಆಚೆ ಈಚೆ ಮಾಡಿದ್ರೆ ಎಷ್ಟು ಉಳಿಯತ್ತೆ ಅಂತ ತಕ್ಷಣ ಗೊತ್ತಾಗತ್ತೆ, ಟ್ರ್ಯಾಕ್ ಆನ್ ಮಾಡಿದ್ರೆ ದರ ಬದಲಾದಾಗ ಮೇಲ್ ಬರತ್ತೆ. ಎಲ್ಲಿಗೆ ಹೋಗ್ಬೇಕು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ ಅನ್ನೋರಿಗೆ ಸ್ಕೈಸ್ಕ್ಯಾನರಲ್ಲಿ ಎಲ್ಲಿಗಾದ್ರೂ ಸರಿ ಅಂತ ಹುಡುಕೋ ಆಯ್ಕೆ ಇದೆ, ಅದು ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಆದ್ರೆ ಇವೆರಡೂ ದರ ತೋರಿಸೋ ಜಾಗ, ದುಡ್ಡು ಕಟ್ಟೋದು ಹೆಚ್ಚಾಗಿ ಬೇರೆ ಕಡೆ. ಹೆಸರೇ ಕೇಳಿರದ ಏಜೆನ್ಸಿ ಸ್ವಲ್ಪ ಕಮ್ಮಿ ತೋರಿಸ್ತು ಅಂತ ಅಲ್ಲಿ ಕಟ್ಟಿದ್ರೆ, ಫ್ಲೈಟ್ ರದ್ದಾದಾಗ ವಿಮಾನ ಕಂಪನಿಯವರು ಏಜೆನ್ಸಿ ಕೇಳಿ ಅಂತಾರೆ, ಏಜೆನ್ಸಿಯವರು ಫೋನ್ ಎತ್ತಲ್ಲ. ದರ ಇಲ್ಲಿ ನೋಡಿ, ಟಿಕೆಟ್ ವಿಮಾನ ಕಂಪನಿಯ ಸ್ವಂತ ಆ್ಯಪಲ್ಲೋ ಸೈಟಲ್ಲೋ ತಗೊಳ್ಳಿ, ಸ್ವಲ್ಪ ಜಾಸ್ತಿ ಆದ್ರೂ ಪರ್ವಾಗಿಲ್ಲ ಅಂತೀನಿ. ಗೇಟ್ ಬದಲಾವಣೆ, ಬೋರ್ಡಿಂಗ್ ಪಾಸ್ ಎಲ್ಲಾ ಅದರಲ್ಲೇ ಬೇಗ ಬರತ್ತೆ.

ಹೋಟೆಲ್ ಆ್ಯಪುಗಳಲ್ಲಿ ನಾಲ್ಕೈದು ತೆಗೆದು ಹೋಲಿಸಿ ನೋಡ್ತೀವಲ್ಲ, ಅವುಗಳ ಹಿಂದೆ ಯಾರಿದಾರೆ ಅಂತ ಗೊತ್ತಿದ್ರೆ ಒಳ್ಳೇದು. ಬುಕಿಂಗ್ ಡಾಟ್ ಕಾಮ್, ಅಗೋಡ, ಕಯಾಕ್ ಮೂರೂ ಬುಕಿಂಗ್ ಹೋಲ್ಡಿಂಗ್ಸ್ ಅನ್ನೋ ಒಂದೇ ಕಂಪನಿಯದು. ಎಕ್ಸ್‌ಪೀಡಿಯ, ಹೋಟೆಲ್ಸ್ ಡಾಟ್ ಕಾಮ್, ವರ್ಬೋ ಇನ್ನೊಂದು ಕಂಪನಿಯದು. ಹಾಗಾಗಿ ಒಂದೇ ಮನೆಯ ಎರಡು ಆ್ಯಪ್ ನೋಡಿ ಹೋಲಿಸಿದೆ ಅಂದ್ಕೊಳ್ಳೋ ಬದಲು ಬೇರೆ ಬೇರೆ ಮನೆಯ ಒಂದೊಂದು, ಜೊತೆಗೆ ಹೋಟೆಲಿನ ಸ್ವಂತ ಸೈಟು, ಇಷ್ಟು ನೋಡಿದ್ರೆ ಸಾಕು. ಒಂದೇ ರೂಮ್ ಉಳಿದಿದೆ, ಈಗ ಇಷ್ಟು ಜನ ನೋಡ್ತಿದಾರೆ ಅಂತ ಕೆಂಪಕ್ಷರದಲ್ಲಿ ಬರೋದಕ್ಕೆ ಗಾಬರಿ ಬೀಳ್ಬೇಡಿ. ಇಂಥ ಒತ್ತಡದ ಬರಹಗಳ ಮೇಲೆ 2019ರಲ್ಲಿ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ (ಕಂಪನಿಗಳ ವ್ಯಾಪಾರ ನ್ಯಾಯವಾಗಿ ನಡೀತಿದೆಯಾ ಅಂತ ನೋಡೋ ಸರ್ಕಾರಿ ಸಂಸ್ಥೆ) ಕ್ರಮ ತಗೊಂಡು ಆರು ದೊಡ್ಡ ಸೈಟುಗಳಿಂದ ಬದಲಾವಣೆಯ ಒಪ್ಪಿಗೆ ಪಡೀತು, ಅದೇ ವರ್ಷ ಯುರೋಪಿಯನ್ ಕಮಿಷನ್ ಕೂಡ ಬುಕಿಂಗ್ ಡಾಟ್ ಕಾಮ್ ಹತ್ರ ಇದೇ ರೀತಿ ಮಾತು ತಗೊಂಡಿತು. ಕೊನೇ ರೂಮ್ ಅಂದ್ರೆ ಆ ಆ್ಯಪಿಗೆ ಕೊಟ್ಟಿರೋ ರೂಮುಗಳಲ್ಲಿ ಕೊನೇದು ಅಂತ ಅರ್ಥ, ಹೋಟೆಲಲ್ಲೇ ಕೊನೇದು ಅಂತ ಅಲ್ಲ.

ನಾನು ಫಿಲ್ಟರಲ್ಲಿ ಮೊದ್ಲು ಹಾಕೋದು ಉಚಿತ ರದ್ದತಿ. ಅದರ ಕೊನೇ ದಿನಾಂಕ ಮಾತ್ರ ಅಲ್ಲ, ಗಂಟೆನೂ ಯಾವ ಊರಿನ ಸಮಯದ ಪ್ರಕಾರ ಅಂತಲೂ ನೋಡಿ ಫೋನಲ್ಲಿ ರಿಮೈಂಡರ್ ಇಟ್ಬಿಡಿ. ರಿವ್ಯೂ ಓದುವಾಗ ಹೊಸದು ಮೊದಲು ಅಂತ ಜೋಡಿಸಿ, ಹತ್ತಕ್ಕೆ ಹತ್ತು ಕೊಟ್ಟಿರೋದು ಒಂದು ಕೊಟ್ಟಿರೋದು ಎರಡನ್ನೂ ಬಿಟ್ಟು ಆರು ಏಳು ಕೊಟ್ಟಿರೋರದ್ದು ಓದಿ, ಲಿಫ್ಟ್ ಇಲ್ಲ, ರಾತ್ರಿ ರಸ್ತೆ ಸದ್ದು, ಬಿಸಿನೀರು ತಡ ಅನ್ನೋ ನಿಜವಾದ ಸಂಗತಿಗಳು ಅಲ್ಲೇ ಇರತ್ತೆ.

ಎಲ್ಲಾ ಬುಕ್ ಆದ್ಮೇಲೆ ಆ ಮಾಹಿತಿ ಒಂದು ಕಡೆ ಸೇರಿಸೋ ಕೆಲಸ. ಟ್ರಿಪ್‌ಇಟ್ ಇದಕ್ಕೆ ಹಳೇ ಮತ್ತು ಗಟ್ಟಿ ಆ್ಯಪ್, ಕನ್ಫರ್ಮೇಶನ್ ಮೇಲ್‌ಗಳನ್ನ ಅವರ ವಿಳಾಸಕ್ಕೆ ಫಾರ್ವರ್ಡ್ ಮಾಡಿದ್ರೆ ಅದೇ ಓದ್ಕೊಂಡು ಫ್ಲೈಟು ಹೋಟೆಲ್ಲು ರೈಲು ಎಲ್ಲಾ ದಿನದ ಪ್ರಕಾರ ಸಾಲಾಗಿ ಜೋಡಿಸತ್ತೆ, ನೆಟ್ ಇಲ್ದಾಗ್ಲೂ ತೆರೆಯತ್ತೆ. ಇನ್‌ಬಾಕ್ಸ್ ಪೂರ್ತಿ ಅದಕ್ಕೆ ಬಿಟ್ಕೊಡೋ ಆಯ್ಕೆನೂ ಕೇಳತ್ತೆ, ನಾನು ಕೊಡಲ್ಲ, ಬೇಕಾದ ಮೇಲ್ ಮಾತ್ರ ಕೈಯಾರೆ ಕಳಿಸ್ತೀನಿ, ಅಷ್ಟಕ್ಕೇ ಕೆಲಸ ಚೆನ್ನಾಗಿ ಆಗತ್ತೆ. ಫ್ಲೈಟ್ ತಡ ಆದ್ರೆ ತಿಳಿಸೋ ಸೌಲಭ್ಯ ದುಡ್ಡು ಕೊಟ್ಟ ಪ್ರೊ ಆವೃತ್ತಿಯಲ್ಲಿ ಮಾತ್ರ.

ನಾಲ್ಕೈದು ಜನ ಸೇರಿ ಪ್ಲಾನ್ ಮಾಡೋರಿಗೆ ವಾಂಡರ್‌ಲಾಗ್ ಚೆನ್ನಾಗಿದೆ. ಒಂದು ಕಡೆ ದಿನದ ಪಟ್ಟಿ ಇನ್ನೊಂದು ಕಡೆ ಮ್ಯಾಪ್, ಒಬ್ರು ಜಾಗ ಸೇರಿಸಿದ್ರೆ ಎಲ್ಲರಿಗೂ ಆಗ್ಲೇ ಕಾಣತ್ತೆ, ವಾಟ್ಸಾಪ್ ಗ್ರೂಪಲ್ಲಿ ಇನ್ನೂರು ಮೆಸೇಜ್ ಮೇಲೆ ಹೋಗಿ ಲಿಂಕ್ ಹುಡುಕೋ ಕಷ್ಟ ಇಲ್ಲ. ಆದ್ರೆ ಆಫ್‌ಲೈನ್ ಸೌಲಭ್ಯ ದುಡ್ಡು ಕೊಟ್ಟೋರಿಗೆ ಅಂತ ಇಟ್ಟಿದಾರೆ, ಅಂದ್ರೆ ಉಚಿತ ಆವೃತ್ತಿ ನನ್ನ ಫ್ಲೈಟ್ ಮೋಡ್ ಪರೀಕ್ಷೆಯಲ್ಲಿ ಫೇಲು. ಪ್ಲಾನ್ ಇದರಲ್ಲಿ ಮಾಡಿ, ಕೊನೇಗೆ ಪ್ರತಿ ದಿನದ ಪುಟ ಸ್ಕ್ರೀನ್‌ಶಾಟ್ ತೆಗೆದು ಒಂದು ಆಲ್ಬಮಲ್ಲಿ ಇಟ್ಕೊಳ್ಳಿ.

ಯಾವ ಆ್ಯಪ್ ಬಳಸಿದ್ರೂ ಟಿಕೆಟ್ಟು, ಹೋಟೆಲ್ ಪತ್ರ, ವಿಮೆ, ಪಾಸ್‌ಪೋರ್ಟಿನ ಫೋಟೋ ಇವಿಷ್ಟರ ಪಿಡಿಎಫ್ ಫೋನಿನ ಒಳಗಿನ ಫೋಲ್ಡರಲ್ಲೇ ಇರ್ಬೇಕು. ಗೂಗಲ್ ಟ್ರಿಪ್ಸ್ ಅಂತ ಒಂದು ಆ್ಯಪ್ ಇತ್ತು, ಜೀಮೇಲಿಂದ ತಾನೇ ಬುಕಿಂಗ್ ಎತ್ಕೊಂಡು ಆಫ್‌ಲೈನಲ್ಲೂ ತೋರಿಸ್ತಿತ್ತು, ನಿಜಕ್ಕೂ ಒಳ್ಳೇ ಆ್ಯಪು, 2019ರ ಆಗಸ್ಟಲ್ಲಿ ಗೂಗಲ್ ಅದನ್ನ ಮುಚ್ಚಿಬಿಡ್ತು. ಗೂಗಲ್ಲಿನಷ್ಟು ದೊಡ್ಡ ಕಂಪನಿದೇ ಹೀಗಾದ್ರೆ ಸಣ್ಣವರ ಆ್ಯಪ್ ಬಗ್ಗೆ ಏನು ಭರವಸೆ ಇಟ್ಕೊಳ್ಳೋದು. ಅದಕ್ಕೇ ಯಾವ್ದೇ ಪ್ಲಾನಿಂಗ್ ಆ್ಯಪ್ ಆರಿಸುವಾಗ ನಾವು ಹಾಕಿದ್ದನ್ನ ಹೊರಗೆ ತೆಗೆಯೋಕೆ ಬರತ್ತಾ, ಪಿಡಿಎಫ್ಫೋ ಕ್ಯಾಲೆಂಡರೋ ಏನಾದ್ರೂ ಆಗಿ, ಅಂತ ನೋಡಿ. ಇನ್ನು ಸ್ಕ್ರೀನ್‌ಶಾಟ್ ಬಗ್ಗೆ ಒಂದು ಎಚ್ಚರ, ಕೆಲವು ಕಾರ್ಯಕ್ರಮಗಳ ಟಿಕೆಟ್ಟಿನ ಬಾರ್‌ಕೋಡ್ ಆಗಾಗ ತಾನೇ ಬದಲಾಗ್ತಾ ಇರತ್ತೆ, ಅಂಥದ್ದಕ್ಕೆ ಸ್ಕ್ರೀನ್‌ಶಾಟ್ ನಡೆಯಲ್ಲ, ಫೋನಿನ ವಾಲೆಟ್ಟಿಗೆ ಸೇರಿಸೋ ಬಟನ್ ಇದ್ರೆ ಮೊದಲೇ ಸೇರಿಸಿ.

ಭಾಷೆ. ಗೂಗಲ್ ಟ್ರಾನ್ಸ್‌ಲೇಟಲ್ಲಿ 2011ರಿಂದ ಕನ್ನಡ ಇದೆ, ಭಾಷೆಯ ಪ್ಯಾಕ್ ಇಳಿಸ್ಕೊಂಡ್ರೆ ಆಫ್‌ಲೈನಲ್ಲೂ ಕನ್ನಡದಲ್ಲೇ ಟೈಪ್ ಮಾಡಿ ಕೇಳ್ಬಹುದು, ಹೋಗೋ ಊರಿನ ಭಾಷೆಯ ಪ್ಯಾಕೂ ಜೊತೆಗೆ ಇಳಿಸಿ. ಬೋರ್ಡು, ಮೆನು, ಔಷಧಿ ಡಬ್ಬಿ ಮೇಲೆ ಕ್ಯಾಮೆರಾ ಹಿಡಿದ್ರೆ ಅಲ್ಲೇ ಅನುವಾದ ಮೂಡೋದು ಇದೆಯಲ್ಲ, ಅದು ಒಂದೇ ಸಾಕು ಈ ಆ್ಯಪ್ ಇಟ್ಕೊಳ್ಳೋಕೆ. ಆಫ್‌ಲೈನ್ ಅನುವಾದದ ಗುಣಮಟ್ಟ ಸ್ವಲ್ಪ ಕಮ್ಮಿ, ಅದಕ್ಕೆ ಚಿಕ್ಕ ಚಿಕ್ಕ ವಾಕ್ಯ ಹಾಕಿ, ಒಂದು ವಾಕ್ಯದಲ್ಲಿ ಒಂದೇ ಪ್ರಶ್ನೆ. ಯಾವ್ದಾದ್ರೂ ಪದಾರ್ಥ ಅಥವಾ ಔಷಧಿ ನಿಮಗೆ ಆಗಲ್ಲ ಅಂದ್ರೆ ಆ ವಾಕ್ಯವನ್ನ ಆ್ಯಪನ್ನೇ ನಂಬದೆ ಆ ಭಾಷೆ ಗೊತ್ತಿರೋರ ಹತ್ರ ಮೊದಲೇ ಬರೆಸಿ ಫೋಟೋ ಮಾಡಿ ಇಟ್ಕೊಳ್ಳಿ, ಅಲ್ಲಿ ತಪ್ಪಾಗೋಕೆ ಅವಕಾಶ ಕೊಡ್ಬಾರ್ದು.

ಹವಾಮಾನಕ್ಕೆ ವಿಂಡಿ ನನಗೆ ಹಿಡಿಸಿದೆ, ಹವಾಮಾನ ಲೆಕ್ಕ ಹಾಕೋ ಕಂಪ್ಯೂಟರ್ ಮಾದರಿಗಳಲ್ಲಿ ಯುರೋಪಿನದ್ದು ಅಮೆರಿಕದ್ದು ಎರಡನ್ನೂ ಪಕ್ಕಪಕ್ಕ ನೋಡ್ಬಹುದು, ಎರಡೂ ಮಳೆ ಅಂದ್ರೆ ಕೊಡೆ ತಗೊಳ್ಳೋದೇ, ಒಂದೊಂದು ಒಂದೊಂದು ಹೇಳಿದ್ರೆ ಇನ್ನೂ ಖಚಿತ ಇಲ್ಲ ಅಂತ. ಹತ್ತು ದಿನದಾಚೆಯ ದಿನವಾರು ಮುನ್ಸೂಚನೆ ನೋಡಿ ಬುಕಿಂಗ್ ರದ್ದು ಮಾಡೋಕೆ ಹೋಗ್ಬೇಡಿ, ಅಷ್ಟು ದೂರಕ್ಕೆ ಯಾವ ಮಾದರಿಯೂ ಗಟ್ಟಿಯಾಗಿ ಹೇಳಕ್ಕಾಗಲ್ಲ.

ವಿಮಾನ ತಡ ಆಗತ್ತಾ ಅಂತ ತಿಳಿಯೋಕೆ ಫ್ಲೈಟ್‌ರೇಡಾರ್24. ಇದು ಸ್ವೀಡನ್ನಿನದು, ವಿಮಾನಗಳು ತಾವೇ ಬಿತ್ತರಿಸೋ ಸಿಗ್ನಲನ್ನ ಜಗತ್ತಿನ ಬೇರೆ ಬೇರೆ ಕಡೆ ಆಸಕ್ತರು ಇಟ್ಟಿರೋ ರಿಸೀವರುಗಳು ಹಿಡಿದು ಕಳಿಸ್ತವೆ, ಅದೇ ಮ್ಯಾಪ್ ಮೇಲೆ ಕಾಣತ್ತೆ. ಬೋರ್ಡಲ್ಲಿ ಸರಿಯಾದ ಸಮಯ ಅಂತ ತೋರಿಸ್ತಿರುವಾಗ್ಲೇ, ನೀವು ಹತ್ತೋ ವಿಮಾನ ಇನ್ನೂ ಹಿಂದಿನ ಊರನ್ನೇ ಬಿಟ್ಟಿಲ್ಲ ಅಂತ ಇಲ್ಲಿ ನೋಡ್ಕೋಬಹುದು, ಘೋಷಣೆಗೆ ಕಾಯದೆ ಮುಂದಿನ ರೈಲಿನ ಯೋಚನೆ ಶುರು ಮಾಡ್ಬಹುದು. ಇದಕ್ಕೆ ಮಾತ್ರ ನೆಟ್ ಬೇಕೇ ಬೇಕು.

ದುಡ್ಡಿನ ಲೆಕ್ಕಕ್ಕೆ ಸ್ಪ್ಲಿಟ್‌ವೈಸ್. ಯಾರು ಯಾರಿಗೆ ಎಷ್ಟು ಕೊಡ್ಬೇಕು ಅನ್ನೋದನ್ನ ಅದೇ ಕಮ್ಮಿ ವಹಿವಾಟಿಗೆ ಇಳಿಸಿ ತೋರಿಸತ್ತೆ, ಗೆಳೆತನ ಉಳಿಸೋ ಆ್ಯಪ್ ಅಂತ ನಾನು ನಿಜವಾಗ್ಲೂ ಅಂದ್ಕೊಂಡಿದೀನಿ. ಉಚಿತದಲ್ಲಿ ದಿನಕ್ಕೆ ಇಷ್ಟೇ ಖರ್ಚು ಹಾಕ್ಬಹುದು ಅಂತ ಮಿತಿ ತಂದಿದಾರೆ, ಟ್ರಿಪ್ಪಲ್ಲಿ ಅದು ಬೇಗ ಮುಗಿಯತ್ತೆ, ಹಾಗಾಗಿ ಸಣ್ಣಪುಟ್ಟದ್ದನ್ನ ಒಬ್ರೇ ಕೊಟ್ಟು ಸಂಜೆ ಒಟ್ಟಿಗೆ ಒಂದು ಎಂಟ್ರಿ ಮಾಡಿ, ಇಲ್ಲಾಂದ್ರೆ ಇದೇ ಕೆಲಸ ಮಾಡೋ ಟ್ರೈಕೌಂಟ್ ಆ್ಯಪ್ ನೋಡಿ. ಕರೆನ್ಸಿಗೆ ಎಕ್ಸ್‌ಇ ಸಾಕು, ಕೊನೇ ಸಲ ಸಿಕ್ಕ ದರ ಇಟ್ಕೊಂಡು ಆಫ್‌ಲೈನಲ್ಲೂ ಲೆಕ್ಕ ಹೇಳತ್ತೆ. ಕಾರ್ಡ್ ಯಂತ್ರ ನಿಮ್ಮ ದೇಶದ ಕರೆನ್ಸಿಯಲ್ಲಾ ಈ ದೇಶದ್ದರಲ್ಲಾ ಅಂತ ಕೇಳಿದ್ರೆ ಈ ದೇಶದ್ದು ಅಂತಲೇ ಒತ್ತಿ, ನಿಮ್ಮ ಕರೆನ್ಸಿ ಒತ್ತಿದ್ರೆ ಆ ಯಂತ್ರದವರು ಹೇಳಿದ ದರ, ಸಾಮಾನ್ಯವಾಗಿ ಅದೇ ದುಬಾರಿ.

ಪ್ಯಾಕಿಂಗ್ ಪಟ್ಟಿಗೆ ಬೇರೆ ಆ್ಯಪ್ ಬೇಡ, ಫೋನಲ್ಲಿರೋ ನೋಟ್ಸ್ ಸಾಕು.

ಹೊರದೇಶಕ್ಕೆ ಹೋಗೋರು ಇ-ಸಿಮ್ (ಚಿಪ್ ಹಾಕದೆ ಫೋನಿಗೇ ಇಳಿಸ್ಕೊಳ್ಳೋ ಸಿಮ್) ಆ್ಯಪ್ ನೋಡ್ತಾರೆ, ಏರಾಲೋ ತರದ್ದು. ಹೊರಡೋ ಮುಂಚೆ ಮನೆಯ ವೈಫೈಯಲ್ಲೇ ಇನ್‌ಸ್ಟಾಲ್ ಮಾಡಿ, ಅಲ್ಲಿ ಇಳಿದ್ಮೇಲೆ ಆನ್ ಮಾಡಿ, ಇಳಿದ ಜಾಗದಲ್ಲಿ ವೈಫೈ ಹುಡ್ಕೊಂಡು ಇನ್‌ಸ್ಟಾಲ್ ಮಾಡೋದು ಬೇಡವೇ ಬೇಡ. ಫೋನ್ ಇ-ಸಿಮ್ ಹಿಡಿಯತ್ತಾ, ಒಂದೇ ಕಂಪನಿಗೆ ಲಾಕ್ ಆಗಿಲ್ಲ ತಾನೇ ಅಂತ ಮೊದ್ಲು ನೋಡಿ. ಹೆಚ್ಚಿನವು ಡೇಟಾ ಮಾತ್ರ, ನಂಬರ್ ಇರಲ್ಲ, ಕರೆ ಎಸ್ಸೆಮ್ಮೆಸ್ ಬರಲ್ಲ. ಟ್ರಿಪ್ ಮುಗಿಯೋ ತನಕ ಅದನ್ನ ಫೋನಿಂದ ಡಿಲೀಟ್ ಮಾಡ್ಬೇಡಿ, ಎಷ್ಟೋ ಪ್ಲಾನುಗಳನ್ನ ಎರಡನೇ ಸಲ ಹಾಕೋಕೆ ಬಿಡಲ್ಲ.

ಇಲ್ಲೇ ಓಟಿಪಿ ವಿಷಯನೂ ಬರತ್ತೆ. ಊರಿನ ಸಿಮ್ಮಿಗೆ ಬರೋ ಓಟಿಪಿ ಹೊರದೇಶದಲ್ಲಿ ಬರದೇ ಹೋದ್ರೆ ಇಮೇಲೇ ತೆರೆಯಕ್ಕಾಗಲ್ಲ, ಅದರೊಳಗೇ ಎಲ್ಲಾ ಟಿಕೆಟ್ಟು. ಅದಕ್ಕೆ ಇಮೇಲಿಗೆ ಮತ್ತೆ ಮುಖ್ಯ ಖಾತೆಗಳಿಗೆ ಅಥೆಂಟಿಕೇಟರ್ ಆ್ಯಪ್ ಜೋಡಿಸಿ ಇಟ್ಕೊಳ್ಳಿ. ಅದು ಮೊದಲೇ ಉಳಿಸ್ಕೊಂಡ ಗುಟ್ಟಿನ ಸಂಖ್ಯೆ ಮತ್ತೆ ಫೋನಿನ ಗಡಿಯಾರ ಎರಡನ್ನೂ ಸೇರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೆ ಒಂದು ಹೊಸ ಕೋಡ್ ಲೆಕ್ಕ ಹಾಕತ್ತೆ, ನೆಟ್ಟೂ ಬೇಡ ಸಿಮ್ಮೂ ಬೇಡ. ಫೋನಿನ ಟೈಮ್ ಸರಿ ಇದ್ರೆ ಆಯ್ತು. ಬ್ಯಾಕಪ್ ಕೋಡುಗಳನ್ನ ಕಾಗದದ ಮೇಲೆ ಬರೆದು ಬ್ಯಾಗಲ್ಲಿ ಇಡಿ, ಫೋನೇ ಕಳೆದ್ರೆ ಅದೇ ದಾರಿ.

ಪರ್ಮಿಶನ್ ಕೇಳಿದಾಗ ಎಲ್ಲದಕ್ಕೂ ಹೂಂ ಅನ್ಬೇಡಿ. ಆಂಡ್ರಾಯ್ಡ್ 10ರಿಂದ ಬಳಸುವಾಗ ಮಾತ್ರ ಲೊಕೇಶನ್ ಕೊಡೋ ಆಯ್ಕೆ ಇದೆ, 12ರಿಂದ ಅಂದಾಜು ಲೊಕೇಶನ್ ಮಾತ್ರ ಕೊಡೋದೂ ಇದೆ, ಐಫೋನಲ್ಲೂ ಎರಡೂ ಇದೆ. ಮ್ಯಾಪಿಗೆ ನಿಖರ ಜಾಗ ಬೇಕು, ಹವಾಮಾನದ ಆ್ಯಪಿಗೆ ಅಂದಾಜು ಸಾಕು, ಹೋಟೆಲ್ ಬುಕ್ ಮಾಡೋದಕ್ಕೆ ಕಾಂಟ್ಯಾಕ್ಟ್ ಪಟ್ಟಿ ಯಾಕೆ ಬೇಕು. ವೀಸಾ ಅರ್ಜಿ ಆ್ಯಪ್ ಹಾಕುವಾಗಂತೂ ಆ ದೇಶದ ಸರ್ಕಾರಿ ಸೈಟಿಂದ ಕೊಟ್ಟಿರೋ ಲಿಂಕಲ್ಲೇ ಹೋಗಿ, ಸ್ಟೋರಲ್ಲಿ ಹುಡುಕಿದ್ರೆ ಲಾಂಛನ ಬಣ್ಣ ಎಲ್ಲಾ ಹಾಗೇ ಇರೋ ಮಧ್ಯವರ್ತಿಗಳದ್ದು ಸಿಗೋ ಸಾಧ್ಯತೆ ಇದೆ, ಅವರ ಕೈಗೆ ಪಾಸ್‌ಪೋರ್ಟ್ ಫೋಟೋನೂ ಹೋಗತ್ತೆ ದುಡ್ಡೂ ಹೋಗತ್ತೆ.

ಫೋಟೋ ಬ್ಯಾಕಪ್ ಗೂಗಲ್ ಫೋಟೋಸಲ್ಲಿ ಮಾಡೋರು ಜಾಗ ಎಷ್ಟಿದೆ ಅಂತ ಹೊರಡೋ ಮುಂಚೆನೇ ನೋಡಿ, 2021ರ ಜೂನ್ 1ರಿಂದ ಅದರ ಮಿತಿಯಿಲ್ಲದ ಉಚಿತ ಜಾಗ ನಿಂತಿದೆ, ಜೀಮೇಲ್ ಡ್ರೈವ್ ಎಲ್ಲಾ ಸೇರಿ 15 ಜಿಬಿ. ಬ್ಯಾಕಪ್ ವೈಫೈಯಲ್ಲಿ ಮಾತ್ರ ಅಂತ ಸೆಟ್ ಮಾಡಿ, ಇಲ್ಲಾಂದ್ರೆ ಒಂದು ವಿಡಿಯೋಗೇ ಇ-ಸಿಮ್ ಡೇಟಾ ಖಾಲಿ.

ವಾಪಸ್ ಬಂದ್ಮೇಲೆ ಒಂದು ಕೆಲಸ ಬಾಕಿ ಇರತ್ತೆ. ಟ್ರಿಪ್ಪಿಗೆ ಅಂತ ಪ್ರೊ ಆವೃತ್ತಿಯ ಉಚಿತ ಟ್ರಯಲ್ ತಗೊಂಡಿದ್ರೆ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದ ಮಾತ್ರಕ್ಕೆ ಅದು ನಿಲ್ಲಲ್ಲ, ಕಾರ್ಡಿಂದ ದುಡ್ಡು ಹೋಗ್ತಾನೇ ಇರತ್ತೆ. ಪ್ಲೇ ಸ್ಟೋರಲ್ಲಾದ್ರೆ ಪ್ರೊಫೈಲ್ ಫೋಟೋ ಒತ್ತಿ ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸಿಗೆ ಹೋಗಿ, ಐಫೋನಲ್ಲಾದ್ರೆ ಸೆಟ್ಟಿಂಗ್ಸಲ್ಲಿ ನಿಮ್ಮ ಹೆಸರು ಒತ್ತಿ ಸಬ್‌ಸ್ಕ್ರಿಪ್ಷನ್ಸಿಗೆ ಹೋಗಿ, ಅಲ್ಲಿ ಕ್ಯಾನ್ಸಲ್ ಮಾಡಿ, ಆಮೇಲೆ ಆ್ಯಪ್ ತೆಗೆದು ಹಾಕಿ.